ಸೌರಮಂಡಲ ಮತ್ತು ಅದರಾಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೌರಮಂಡಲ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಪಾಠಪುಸ್ತಕದ ಆ ಚಿತ್ರ. ಒಂದು ಬದಿಯಲ್ಲಿ ಸೂರ್ಯ, ಅದರ ಪಕ್ಕಕ್ಕೇ ಸಾಲಾಗಿ ಎಂಟು ಬಣ್ಣದ ಚೆಂಡುಗಳು. ಹೆಸರು ಕಲಿಯಲು ಆ ಚಿತ್ರ ಸಾಕು. ಆದರೆ ದೂರದ ವಿಷಯದಲ್ಲಿ ಅದು ದಾರಿ ತಪ್ಪಿಸುತ್ತದೆ. ಆಕಾಶದ ಬಗ್ಗೆ ಜನ ಕೇಳುವ ಅರ್ಧಕ್ಕರ್ಧ ಪ್ರಶ್ನೆಗಳು ಆ ಚಿತ್ರದಿಂದಲೇ ಹುಟ್ಟಿದವು ಅನ್ನಿಸುತ್ತದೆ. ಹಾಗಾಗಿ ಇಲ್ಲಿನ ಉತ್ತರಗಳಲ್ಲಿ ದೂರದ ಮಾತು ಮತ್ತೆ ಮತ್ತೆ ಬರುತ್ತದೆ.

ಸೌರಮಂಡಲ ಎಂದರೆ ಏನು? ಅದರಲ್ಲಿ ಏನೇನಿದೆ?

ಸೂರ್ಯ ಮತ್ತು ಸೂರ್ಯನ ಗುರುತ್ವದ ಹಿಡಿತದಲ್ಲಿರುವ ಎಲ್ಲವೂ ಸೇರಿ ಸೌರಮಂಡಲ. ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್ ಎಂಬ ಎಂಟು ಗ್ರಹಗಳು. ಅವುಗಳ ನೂರಾರು ಉಪಗ್ರಹಗಳು. ಪ್ಲೂಟೊ, ಸೆರೆಸ್‌ನಂಥ ಕುಬ್ಜ ಗ್ರಹಗಳು. ಲಕ್ಷಗಟ್ಟಲೆ ಕ್ಷುದ್ರಗ್ರಹಗಳು, ಧೂಮಕೇತುಗಳು, ಜೊತೆಗೆ ಧೂಳು.

ಇದೆಲ್ಲವನ್ನೂ ತಕ್ಕಡಿಗೆ ಹಾಕಿದರೆ ನೂರಕ್ಕೆ 99.8 ಭಾಗಕ್ಕಿಂತ ಜಾಸ್ತಿ ತೂಕ ಸೂರ್ಯನದೊಂದೇ. ಉಳಿದ ಚೂರಿನಲ್ಲಿ ಸಿಂಹಪಾಲು ಗುರುವಿನದು. ನಮ್ಮ ಭೂಮಿ ಲೆಕ್ಕಕ್ಕೆ ಸಿಗುವುದೇ ಕಷ್ಟ.

ಇದೆಲ್ಲ ಹುಟ್ಟಿದ್ದು ಸುಮಾರು 460 ಕೋಟಿ ವರ್ಷಗಳ ಹಿಂದೆ, ಅನಿಲ ಮತ್ತು ಧೂಳಿನ ಒಂದು ದೊಡ್ಡ ಮೋಡದಿಂದ. ಮೋಡ ತನ್ನದೇ ತೂಕಕ್ಕೆ ಕುಸಿಯಿತು. ಕುಸಿಯುತ್ತಾ ಜೋರಾಗಿ ಸುತ್ತತೊಡಗಿತು, ಸುತ್ತುತ್ತಾ ತಟ್ಟೆಯಂತೆ ಚಪ್ಪಟೆಯಾಯಿತು. ನಡುವೆ ಸೂರ್ಯ ಹೊತ್ತಿಕೊಂಡಿತು. ತಟ್ಟೆಯಲ್ಲಿ ಉಳಿದದ್ದು ಗ್ರಹಗಳಾಯಿತು. ಎಲ್ಲ ಗ್ರಹಗಳೂ ಒಂದೇ ದಿಕ್ಕಿನಲ್ಲಿ, ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಸುತ್ತುವುದು ಇದಕ್ಕೇ. ರಾತ್ರಿ ಗಮನಿಸಿ ನೋಡಿ: ಚಂದ್ರ ಮತ್ತು ಗ್ರಹಗಳು ಆಕಾಶದಲ್ಲಿ ಎಲ್ಲೆಂದರಲ್ಲಿ ಕಾಣುವುದಿಲ್ಲ. ಹಗಲು ಸೂರ್ಯ ಸಾಗುವ ಹಾದಿಯ ಆಸುಪಾಸಿನಲ್ಲೇ ಇರುತ್ತವೆ. ನಾವು ಆ ಹಳೆಯ ತಟ್ಟೆಯನ್ನು ಅದರೊಳಗಿಂದಲೇ ನೋಡುತ್ತಿದ್ದೇವೆ.

ಗ್ರಹಗಳ ನಡುವೆ ನಿಜವಾಗಿ ಎಷ್ಟು ದೂರ?

ಕೋಟಿಗಳಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಭೂಮಿಯಿಂದ ಸೂರ್ಯನಿಗೆ ಸುಮಾರು 15 ಕೋಟಿ ಕಿ.ಮೀ. ಅಂದರೆ ಏನು ತಿಳಿಯಿತು? ಅದರ ಬದಲು ಒಂದು ಫುಟ್‌ಬಾಲ್ ತೆಗೆದುಕೊಳ್ಳಿ.

ಆ ಫುಟ್‌ಬಾಲ್ ಸೂರ್ಯ ಎಂದಿಟ್ಟುಕೊಳ್ಳಿ. ಅದೇ ಅಳತೆಯಲ್ಲಿ ಭೂಮಿ ಒಂದು ಸಾಸಿವೆ ಕಾಳು, ಸುಮಾರು 2 ಮಿಲಿಮೀಟರ್. ಆ ಕಾಳನ್ನು ಚೆಂಡಿನ ಪಕ್ಕದಲ್ಲಿ ಇಡುವ ಹಾಗಿಲ್ಲ, 24 ಮೀಟರ್ ನಡೆದು ಹೋಗಿ ಇಡಬೇಕು. ಚಂದ್ರ ಅರ್ಧ ಮಿಲಿಮೀಟರಿನ ಮರಳ ಕಣ. ಅದು ಸಾಸಿವೆಯಿಂದ 6 ಸೆಂಟಿಮೀಟರ್ ಆಚೆ. ಮನುಷ್ಯ ಇದುವರೆಗೆ ಖುದ್ದಾಗಿ ಹೋಗಿರುವ ಅತಿ ದೂರ ಹೆಚ್ಚುಕಮ್ಮಿ ಅಷ್ಟೇ, ಆ ಆರು ಸೆಂಟಿಮೀಟರ್.

ಗುರು ಒಂದು ಗೋಲಿ, 123 ಮೀಟರ್ ದೂರದಲ್ಲಿ. ಶನಿ ಅದಕ್ಕಿಂತ ಸ್ವಲ್ಪ ಚಿಕ್ಕ ಗೋಲಿ, 226 ಮೀಟರ್ ದೂರದಲ್ಲಿ. ನೆಪ್ಚೂನ್ ಒಂದು ಕಡಲೆ ಕಾಳಿನಷ್ಟು, 710 ಮೀಟರ್ ದೂರ. ಒಮ್ಮೆ ಮಕ್ಕಳನ್ನು ಕರೆದುಕೊಂಡು ಇದನ್ನು ಮೈದಾನದಲ್ಲಿ ಮಾಡಿದ್ದೆ. ಮಂಗಳದ ತನಕ ಎಲ್ಲರೂ ಹುರುಪಿನಿಂದ ಹೆಜ್ಜೆ ಎಣಿಸಿದರು. ಗುರುವಿಗೆ ಹೋಗುವಷ್ಟರಲ್ಲಿ ಮೈದಾನವೇ ಮುಗಿದಿತ್ತು. ಹಿಂತಿರುಗಿ ನೋಡಿದರೆ ಫುಟ್‌ಬಾಲ್ ಒಂದು ಚುಕ್ಕಿಯಾಗಿತ್ತು, ಸಾಸಿವೆ ಕಾಳು ಎಲ್ಲಿದೆ ಎಂದು ಹುಡುಕಲೂ ಆಗಲಿಲ್ಲ. ಒಬ್ಬ ಹುಡುಗಿ ಕೇಳಿದಳು: "ಹಾಗಾದರೆ ನಡುವೆ ಏನಿದೆ?" ಹೆಚ್ಚುಕಮ್ಮಿ ಏನೂ ಇಲ್ಲ. ಸೌರಮಂಡಲ ಎಂದರೆ ಬಹುಪಾಲು ಬರೀ ಖಾಲಿ ಜಾಗ.

ಇದೇ ಅಳತೆಯಲ್ಲಿ ಸೂರ್ಯನ ನಂತರದ ಅತಿ ಹತ್ತಿರದ ನಕ್ಷತ್ರ, ಪ್ರಾಕ್ಸಿಮಾ ಸೆಂಟಾರಿ, ಎಲ್ಲಿರುತ್ತದೆ ಗೊತ್ತಾ? 6,300 ಕಿ.ಮೀ. ಆಚೆ.

ಗಾಳಿಯೇ ಇಲ್ಲದ ಕಡೆ ಸೂರ್ಯ ಹೇಗೆ ಉರಿಯುತ್ತದೆ?

ಒಳ್ಳೆಯ ಪ್ರಶ್ನೆ. ಸೂರ್ಯ ಉರಿಯುತ್ತಿಲ್ಲ. ಕಟ್ಟಿಗೆ ಉರಿಯಲು ಆಮ್ಲಜನಕ ಬೇಕು. ಸೂರ್ಯನಲ್ಲಿ ನಡೆಯುವುದು ಬೇರೆಯೇ ಕೆಲಸ. ಅದರ ಒಡಲಿನಲ್ಲಿ ಸುಮಾರು 1.5 ಕೋಟಿ ಡಿಗ್ರಿ ಶಾಖ, ಜೊತೆಗೆ ಊಹಿಸಲಾಗದ ಒತ್ತಡ. ಅಲ್ಲಿ ಹೈಡ್ರೋಜನ್ ಪರಮಾಣುಗಳ ಬೀಜಗಳು ಒಂದಕ್ಕೊಂದು ಬೆಸೆದು ಹೀಲಿಯಂ ಆಗುತ್ತವೆ. ಬೆಸೆಯುವಾಗ ತೂಕದಲ್ಲಿ ಒಂದು ಚೂರು ಕಮ್ಮಿಯಾಗುತ್ತದೆ. ಆ ಚೂರೇ ಶಕ್ತಿಯಾಗಿ ಹೊರಬರುತ್ತದೆ. ಹೀಗೆ ಪ್ರತಿ ಸೆಕೆಂಡಿಗೆ ಸುಮಾರು 40 ಲಕ್ಷ ಟನ್ ದ್ರವ್ಯ ಬೆಳಕು ಮತ್ತು ಶಾಖವಾಗಿ ಬದಲಾಗುತ್ತಿದೆ. ಆದರೂ ಸೂರ್ಯ ಎಷ್ಟು ದೊಡ್ಡದೆಂದರೆ, ಇನ್ನೂ ಸುಮಾರು 500 ಕೋಟಿ ವರ್ಷಕ್ಕೆ ಸಾಕಾಗುವಷ್ಟು ಇಂಧನ ಉಳಿದಿದೆ.

ಸೂರ್ಯನ ಮೇಲ್ಮೈ ಬಿಟ್ಟ ಬೆಳಕು ನಮ್ಮನ್ನು ತಲುಪಲು 8 ನಿಮಿಷ 20 ಸೆಕೆಂಡ್ ಬೇಕು. ನೀವು ಕಾಣುವ ಸೂರ್ಯೋದಯ ಅಷ್ಟು ಹಳೆಯದು.

ನಕ್ಷತ್ರ ಯಾವುದು, ಗ್ರಹ ಯಾವುದು ಎಂದು ಬರಿಗಣ್ಣಿನಲ್ಲಿ ಹೇಗೆ ಗುರುತಿಸುವುದು?

ಮಿನುಗುತ್ತಿದ್ದರೆ ನಕ್ಷತ್ರ, ಮಿನುಗದೆ ಒಂದೇ ಸಮ ಹೊಳೆಯುತ್ತಿದ್ದರೆ ಗ್ರಹ. ನಕ್ಷತ್ರಗಳು ಎಷ್ಟು ದೂರ ಎಂದರೆ ಅವುಗಳ ಬೆಳಕು ಒಂದೇ ಬಿಂದುವಿನಿಂದ ಬಂದಂತೆ ಇರುತ್ತದೆ. ನಮ್ಮ ಗಾಳಿಯ ಅಲುಗಾಟಕ್ಕೆ ಆ ಎಳೆ ಸುಲಭವಾಗಿ ನಡುಗುತ್ತದೆ. ಗ್ರಹ ಹತ್ತಿರದಲ್ಲಿದೆ, ಅದು ಪುಟ್ಟ ಬಿಲ್ಲೆ. ಬಿಲ್ಲೆಯ ಎಲ್ಲ ಕಡೆಯಿಂದ ಬರುವ ಬೆಳಕು ಒಟ್ಟಿಗೆ ನಡುಗುವುದಿಲ್ಲ. ದಿಗಂತಕ್ಕೆ ತೀರಾ ಹತ್ತಿರ ಇದ್ದಾಗ ಮಾತ್ರ ಗ್ರಹವೂ ಒಂಚೂರು ಮಿನುಗಬಹುದು.

ಇನ್ನೊಂದು ಗುರುತಿದೆ, ಅದಕ್ಕೆ ತಾಳ್ಮೆ ಬೇಕು. ನಕ್ಷತ್ರಗಳು ಒಂದರ ಪಕ್ಕ ಒಂದು ಕಟ್ಟಿದ ಹಾಗೆ ಇರುತ್ತವೆ. ಗ್ರಹಗಳು ಆ ಕಟ್ಟಿನ ನಡುವೆ ವಾರದಿಂದ ವಾರಕ್ಕೆ ಜಾಗ ಬದಲಿಸುತ್ತವೆ. ಹಳಬರು ಹೀಗೆ ಸುತ್ತಾಡುವ ಏಳನ್ನು ಗುರುತಿಸಿದ್ದರು. ಅವು ಇವತ್ತಿಗೂ ನಮ್ಮ ಬಾಯಲ್ಲಿವೆ: ಭಾನು, ಸೋಮ, ಮಂಗಳ, ಬುಧ, ಗುರು, ಶುಕ್ರ, ಶನಿ. ವಾರದ ಹೆಸರು ಹೇಳಿದಾಗಲೆಲ್ಲ ನಾವು ಬರಿಗಣ್ಣಿಗೆ ಕಾಣುವ ಸೌರಮಂಡಲವನ್ನೇ ಎಣಿಸುತ್ತಿದ್ದೇವೆ.

ಬೆಳ್ಳಿ ಚುಕ್ಕಿ ಎಂದರೆ ಯಾವ ನಕ್ಷತ್ರ?

ಅದು ನಕ್ಷತ್ರವಲ್ಲ, ಶುಕ್ರ ಗ್ರಹ. ಶುಕ್ರ ಸೂರ್ಯನಿಗೆ ನಮಗಿಂತ ಹತ್ತಿರ ಇರುವುದರಿಂದ ನಡುರಾತ್ರಿ ನೆತ್ತಿಯ ಮೇಲೆ ಯಾವತ್ತೂ ಬರುವುದಿಲ್ಲ. ಕೆಲವು ತಿಂಗಳು ಬೆಳಗಿನ ಜಾವ ಪೂರ್ವದಲ್ಲಿ, ಕೆಲವು ತಿಂಗಳು ಸಂಜೆ ಪಶ್ಚಿಮದಲ್ಲಿ ಕಾಣುತ್ತದೆ. ಸೂರ್ಯ, ಚಂದ್ರ ಬಿಟ್ಟರೆ ಆಕಾಶದಲ್ಲಿ ಇಷ್ಟು ಹೊಳೆಯುವ ಗ್ರಹ ಅಥವಾ ನಕ್ಷತ್ರ ಇನ್ನೊಂದಿಲ್ಲ. ಅದರ ಸುತ್ತ ಹೊದಿಕೆಯಂತಿರುವ ದಪ್ಪ ಮೋಡ ಸೂರ್ಯನ ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ.

ಸೂರ್ಯನಿಗೆ ಹತ್ತಿರ ಇರುವ ಬುಧವೇ ಅತಿ ಬಿಸಿ ಗ್ರಹ ಅಲ್ವಾ?

ಅಲ್ಲ, ಶುಕ್ರ. ಬುಧನಿಗೆ ಹೇಳಿಕೊಳ್ಳುವಂಥ ವಾತಾವರಣವಿಲ್ಲ. ಹಗಲು 430 ಡಿಗ್ರಿ ಸೆಲ್ಸಿಯಸ್ ಕಾಯುತ್ತದೆ, ರಾತ್ರಿ ಸೊನ್ನೆಗಿಂತ 180 ಡಿಗ್ರಿ ಕೆಳಗೆ ಇಳಿಯುತ್ತದೆ. ಹೊದಿಕೆ ಇಲ್ಲದವರಿಗೆ ಶಾಖ ನಿಲ್ಲುವುದಿಲ್ಲ. ಶುಕ್ರನಿಗೆ ಇಂಗಾಲದ ಡೈಆಕ್ಸೈಡಿನ ದಪ್ಪ ಕಂಬಳಿ ಇದೆ. ಒಳಗೆ ಹೋದ ಶಾಖ ಹೊರಗೆ ಬರುವುದಿಲ್ಲ. ಹಗಲು ರಾತ್ರಿ ಎಲ್ಲ ಕಡೆ ಸುಮಾರು 465 ಡಿಗ್ರಿ. ಸೀಸ ಕರಗಿ ಹರಿಯುವಷ್ಟು ಬಿಸಿ. ಗಾಳಿಯ ಒತ್ತಡ ನಮ್ಮದಕ್ಕಿಂತ 90 ಪಟ್ಟು ಜಾಸ್ತಿ. 1982ರಲ್ಲಿ ಅಲ್ಲಿ ಇಳಿದ ಸೋವಿಯತ್ ನೌಕೆ ವೆನೆರಾ 13 ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಬದುಕಿತ್ತು. ಅದೇ ದೊಡ್ಡ ಸಾಧನೆ. ಆ ಹೊತ್ತಿನಲ್ಲೇ ಅದು ಬಣ್ಣದ ಚಿತ್ರಗಳನ್ನು ಕಳಿಸಿತು: ಕಿತ್ತಳೆ ಬೆಳಕಿನಲ್ಲಿ ಚಪ್ಪಟೆ ಕಲ್ಲುಗಳು.

ಶುಕ್ರನ ಇನ್ನೊಂದು ವಿಚಿತ್ರ: ತನ್ನ ಅಕ್ಷದ ಮೇಲೆ ಅದು ಹೆಚ್ಚಿನ ಗ್ರಹಗಳಿಗೆ ಉಲ್ಟಾ ತಿರುಗುತ್ತದೆ. ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ.

ಮಂಗಳ ಯಾಕೆ ಕೆಂಪು? ಅಲ್ಲಿ ಜೀವ ಇದೆಯಾ?

ಕೆಂಪಾಗಿರುವುದು ತುಕ್ಕಿನಿಂದ. ಅಲ್ಲಿನ ಮಣ್ಣಿನಲ್ಲಿರುವ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ತುಕ್ಕಾಗಿದೆ. ಹಿಂದೆ ಒಂದು ಕಾಲದಲ್ಲಿ ಅಲ್ಲಿ ನದಿಗಳು ಹರಿದಿದ್ದವು, ಕೆರೆಗಳಿದ್ದವು. ಹರಿದ ಗುರುತು ಇವತ್ತಿಗೂ ಕಲ್ಲುಗಳಲ್ಲಿದೆ. ಈಗ ಇರುವ ನೀರು ಹೆಚ್ಚಾಗಿ ಮಂಜುಗಡ್ಡೆ, ಧ್ರುವಗಳಲ್ಲಿ ಮತ್ತು ನೆಲದಡಿಯಲ್ಲಿ. ಜೀವ ಇದೆ ಎಂಬುದಕ್ಕೆ ಇದುವರೆಗೆ ಖಚಿತ ಪುರಾವೆ ಸಿಕ್ಕಿಲ್ಲ. ಭಾರತದ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಮೊದಲ ಪ್ರಯತ್ನದಲ್ಲೇ ಮಂಗಳನ ಕಕ್ಷೆ ಸೇರಿತ್ತು.

ಗುರು ಗ್ರಹದ ಮೇಲೆ ಇಳಿಯಬಹುದಾ?

ಇಳಿಯಲು ನೆಲವೇ ಇಲ್ಲ. ಗುರು ಮತ್ತು ಶನಿ ಬಹುಪಾಲು ಹೈಡ್ರೋಜನ್ ಮತ್ತು ಹೀಲಿಯಂ. ಕೆಳಗೆ ಹೋದಂತೆ ಅನಿಲ ದಟ್ಟವಾಗುತ್ತಾ, ಬಿಸಿಯಾಗುತ್ತಾ, ಕೊನೆಗೆ ದ್ರವದಂತಾಗುತ್ತದೆ. ಇಲ್ಲಿಗೆ ಗಾಳಿ ಮುಗಿಯಿತು, ಇಲ್ಲಿಂದ ನೆಲ ಶುರು ಎನ್ನುವ ಗೆರೆ ಇಲ್ಲ. ಇಷ್ಟು ದೊಡ್ಡ ಗ್ರಹ ಒಂದು ಸುತ್ತು ತಿರುಗಲು 10 ಗಂಟೆಯನ್ನೂ ತೆಗೆದುಕೊಳ್ಳುವುದಿಲ್ಲ. ಅದರ ಕೆಂಪು ಕಲೆ ಭೂಮಿಗಿಂತ ದೊಡ್ಡ ಬಿರುಗಾಳಿ.

ಗುರುವಿಗಿಂತ ಅದರ ಉಪಗ್ರಹಗಳ ಕಥೆಯೇ ನನಗೆ ಹೆಚ್ಚು ಇಷ್ಟ. ಅಯೋ ಮೇಲೆ ಜ್ವಾಲಾಮುಖಿಗಳು ಸದಾ ಉಕ್ಕುತ್ತಿವೆ. ಯುರೋಪಾದ ಮಂಜಿನ ಚಿಪ್ಪಿನ ಕೆಳಗೆ ಉಪ್ಪುನೀರಿನ ಸಮುದ್ರ ಇದೆ ಎನ್ನುವುದಕ್ಕೆ ಬಲವಾದ ಪುರಾವೆಗಳಿವೆ. ಗ್ಯಾನಿಮೀಡ್ ಬುಧ ಗ್ರಹಕ್ಕಿಂತಲೂ ದೊಡ್ಡದು.

ಶನಿಯ ಉಂಗುರ ಯಾವುದರಿಂದ ಆಗಿದೆ? ಟೆಲಿಸ್ಕೋಪಿನಲ್ಲಿ ನಿಜವಾಗಿ ಕಾಣುತ್ತದಾ?

ಕಾಣುತ್ತದೆ. ಚಿಕ್ಕ ಟೆಲಿಸ್ಕೋಪ್ ಸಾಕು.

ಉಂಗುರ ಒಂದೇ ಬಿಲ್ಲೆಯಲ್ಲ. ಲೆಕ್ಕವಿಲ್ಲದಷ್ಟು ಮಂಜುಗಡ್ಡೆಯ ತುಂಡುಗಳು. ಕೆಲವು ಧೂಳಿನಷ್ಟು, ಕೆಲವು ಮನೆಯಷ್ಟು. ಪ್ರತಿಯೊಂದೂ ತನ್ನ ಪಾಡಿಗೆ ಶನಿಯನ್ನು ಸುತ್ತುತ್ತದೆ. ಮುಖ್ಯ ಉಂಗುರಗಳು ಈ ತುದಿಯಿಂದ ಆ ತುದಿಗೆ ಸುಮಾರು 2,80,000 ಕಿ.ಮೀ. ಇವೆ. ದಪ್ಪ ಮಾತ್ರ ಹೆಚ್ಚಿನ ಕಡೆ ಹತ್ತಾರು ಮೀಟರ್ ಅಷ್ಟೇ. ಅಷ್ಟು ಅಗಲದ ವಸ್ತು ಅಷ್ಟು ತೆಳ್ಳಗಿರುವುದನ್ನು ನೆನೆದರೆ ಇವತ್ತಿಗೂ ಆಶ್ಚರ್ಯವಾಗುತ್ತದೆ.

1610ರಲ್ಲಿ ಗೆಲಿಲಿಯೊ ಶನಿಯನ್ನು ನೋಡಿದಾಗ ಅದರ ಎರಡೂ ಬದಿಗೆ ಏನೋ ಅಂಟಿಕೊಂಡಂತೆ ಕಂಡಿತು. ಎರಡು ವರ್ಷ ಬಿಟ್ಟು ನೋಡಿದರೆ ಅವು ಮಾಯ! ಆತ ಗಲಿಬಿಲಿಗೊಂಡ. ಅದು ಶನಿಯನ್ನು ಸುತ್ತುವರಿದ ಉಂಗುರ ಎಂದು ಬಿಡಿಸಿ ಹೇಳಿದ್ದು ಡಚ್ ವಿಜ್ಞಾನಿ ಹೈಗೆನ್ಸ್, 1650ರ ದಶಕದಲ್ಲಿ. ಸುಮಾರು 15 ವರ್ಷಕ್ಕೊಮ್ಮೆ ಉಂಗುರ ನಮಗೆ ನೇರವಾಗಿ ಅಂಚು ತೋರಿಸುತ್ತದೆ. ಆಗ ತೆಳ್ಳಗಿನ ಹಾಳೆಯನ್ನು ಪಕ್ಕದಿಂದ ನೋಡಿದಂತೆ, ಇದ್ದೂ ಇಲ್ಲದಂತೆ. 2025ರ ಮಾರ್ಚ್‌ನಲ್ಲಿ ಹಾಗಾಗಿತ್ತು. ಅಲ್ಲಿಂದೀಚೆಗೆ ಉಂಗುರ ನಿಧಾನವಾಗಿ ತೆರೆದುಕೊಳ್ಳುತ್ತಿದೆ.

ನಾನು ಮೊದಲ ಸಲ ಶನಿಯನ್ನು ಟೆಲಿಸ್ಕೋಪಿನಲ್ಲಿ ನೋಡಿದ್ದು ನೆನಪಿದೆ. ಕರಿ ಹಿನ್ನೆಲೆಯಲ್ಲಿ ಮಾಸಲು ಹಳದಿಯ ಪುಟ್ಟ ಬೊಟ್ಟು, ಸುತ್ತ ಚೂಪಾದ ಉಂಗುರ. ಉಗುರಿನ ತುದಿಯಷ್ಟೂ ಇರಲಿಲ್ಲ. ನೋಡನೋಡುತ್ತಲೇ ಅದು ಜಾರಿ ಜಾರಿ ಅಂಚಿಗೆ ಹೋಗಿ ಮರೆಯಾಯಿತು. ಟೆಲಿಸ್ಕೋಪ್ ಅಲುಗಿತೇನೋ ಅಂದುಕೊಂಡೆ. ಮತ್ತೆ ಹುಡುಕಿ ಹಿಡಿದೆ, ಮತ್ತೆ ಜಾರಿತು. ಆಮೇಲೆ ಹೊಳೆಯಿತು. ಟೆಲಿಸ್ಕೋಪ್ ಅಲುಗಿರಲಿಲ್ಲ, ಶನಿಯೂ ಓಡುತ್ತಿರಲಿಲ್ಲ. ತಿರುಗುತ್ತಿದ್ದದ್ದು ನಾನು ನಿಂತಿದ್ದ ನೆಲ. ಭೂಮಿ ತಿರುಗುತ್ತದೆ ಎಂದು ಓದಿದ್ದು ಶಾಲೆಯಲ್ಲಿ, ಕಣ್ಣಾರೆ ಕಂಡಿದ್ದು ಆ ರಾತ್ರಿ.

ಯುರೇನಸ್, ನೆಪ್ಚೂನ್ ಹಳಬರಿಗೆ ಯಾಕೆ ಗೊತ್ತಿರಲಿಲ್ಲ?

ಯುರೇನಸ್ ಬರಿಗಣ್ಣಿಗೆ ಕಂಡೂ ಕಾಣದಷ್ಟು ಮಸುಕು. ನೆಪ್ಚೂನ್ ಅಂತೂ ಟೆಲಿಸ್ಕೋಪ್ ಅಥವಾ ಬೈನಾಕ್ಯುಲರ್ ಇಲ್ಲದೆ ಕಾಣುವುದೇ ಇಲ್ಲ. ಇಂಗ್ಲೆಂಡಿನಲ್ಲಿದ್ದ ವಿಲಿಯಂ ಹರ್ಷೆಲ್ 1781ರ ಮಾರ್ಚ್ 13ರಂದು ತಾನೇ ತಯಾರಿಸಿದ ಟೆಲಿಸ್ಕೋಪಿನಲ್ಲಿ ಯುರೇನಸ್ ಕಂಡ. ಮೊದಲು ಅದನ್ನು ಧೂಮಕೇತು ಅಂದುಕೊಂಡಿದ್ದ.

ನೆಪ್ಚೂನ್ ಸಿಕ್ಕಿದ ಬಗೆ ನನಗೆ ಬಹಳ ಮೆಚ್ಚು. ಯುರೇನಸ್ ಲೆಕ್ಕದ ಪ್ರಕಾರ ನಡೆಯುತ್ತಿರಲಿಲ್ಲ. ಇರಬೇಕಾದ ಜಾಗಕ್ಕಿಂತ ಸ್ವಲ್ಪ ಆಚೀಚೆ ಇರುತ್ತಿತ್ತು. ಯಾವುದೋ ಕಾಣದ ಗ್ರಹ ಅದನ್ನು ಎಳೆಯುತ್ತಿದೆ ಎಂದು ಫ್ರಾನ್ಸಿನ ಲೆವೆರಿಯೆ ಮತ್ತು ಇಂಗ್ಲೆಂಡಿನ ಆಡಮ್ಸ್ ಬೇರೆ ಬೇರೆಯಾಗಿ ಲೆಕ್ಕ ಹಾಕಿದರು. ಲೆವೆರಿಯೆ ತನ್ನ ಲೆಕ್ಕವನ್ನು ಬರ್ಲಿನ್ ವೀಕ್ಷಣಾಲಯದ ಗಾಲೆಗೆ ಪತ್ರದಲ್ಲಿ ಬರೆದ. ಪತ್ರ ಕೈಸೇರಿದ್ದು 1846ರ ಸೆಪ್ಟೆಂಬರ್ 23ರಂದು. ಅದೇ ರಾತ್ರಿ ಗಾಲೆ ಹುಡುಕಿದ. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ಹೊಸ ಗ್ರಹ ಕಾಯುತ್ತಿತ್ತು. ಅದು ಕಣ್ಣಿಗೆ ಬೀಳುವ ಮೊದಲೇ ಕಾಗದದ ಮೇಲೆ ಸಿಕ್ಕಿತ್ತು.

ಒಂದು ಸ್ವಾರಸ್ಯ. ಅದಕ್ಕೂ 230ಕ್ಕಿಂತ ಹೆಚ್ಚು ವರ್ಷ ಮೊದಲು, 1612ರ ಕೊನೆಯಲ್ಲಿ, ಗುರುವನ್ನು ನೋಡುತ್ತಿದ್ದ ಗೆಲಿಲಿಯೊ ಪಕ್ಕದಲ್ಲಿದ್ದ ನೆಪ್ಚೂನ್ ಅನ್ನೂ ಗುರುತು ಹಾಕಿಕೊಂಡಿದ್ದ. ಆದರೆ ಅದನ್ನು ನಕ್ಷತ್ರ ಎಂದು ಬರೆದಿಟ್ಟ. ನೆಪ್ಚೂನ್ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 165 ವರ್ಷ ಬೇಕು. ಪತ್ತೆಯಾದ ಮೇಲೆ ಅದರ ಮೊದಲ ಸುತ್ತು ಮುಗಿದದ್ದು 2011ರಲ್ಲಿ.

ಪ್ಲೂಟೊವನ್ನು ಯಾಕೆ ಗ್ರಹಗಳ ಪಟ್ಟಿಯಿಂದ ತೆಗೆದರು?

ಪ್ಲೂಟೊ ಬದಲಾಗಲಿಲ್ಲ, ನಮ್ಮ ತಿಳಿವಳಿಕೆ ಬದಲಾಯಿತು. 1930ರಲ್ಲಿ ಕ್ಲೈಡ್ ಟಾಂಬೋ ಅದನ್ನು ಕಂಡಾಗ ಅದರ ಸುತ್ತಮುತ್ತ ಏನೂ ಇಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. 1992ರ ನಂತರ ಅದೇ ಪ್ರದೇಶದಲ್ಲಿ ಒಂದರ ಹಿಂದೆ ಒಂದು ಮಂಜಿನ ಕಾಯಗಳು ಸಿಗತೊಡಗಿದವು. 2005ರಲ್ಲಿ ಹೆಚ್ಚುಕಮ್ಮಿ ಪ್ಲೂಟೊದಷ್ಟೇ ದೊಡ್ಡ ಎರಿಸ್ ಸಿಕ್ಕಿತು. ಈಗ ಎರಡೇ ದಾರಿ: ಎಲ್ಲವನ್ನೂ ಗ್ರಹ ಎನ್ನಬೇಕು, ಇಲ್ಲ ಪ್ಲೂಟೊವನ್ನು ಬೇರೆ ಗುಂಪಿಗೆ ಸೇರಿಸಬೇಕು.

2006ರ ಆಗಸ್ಟ್ 24ರಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ರಾಗ್‌ನಲ್ಲಿ ಮತ ಹಾಕಿ ತೀರ್ಮಾನಿಸಿತು. ಗ್ರಹ ಎನ್ನಿಸಿಕೊಳ್ಳಲು ಸೂರ್ಯನನ್ನು ಸುತ್ತಬೇಕು, ದುಂಡಗಿರಬೇಕು, ತನ್ನ ಹಾದಿಯಲ್ಲಿ ತನ್ನದೇ ಮೇಲುಗೈ ಇರಬೇಕು. ಮೂರನೆಯದರಲ್ಲಿ ಪ್ಲೂಟೊ ಸೋತಿತು. ಇದರಿಂದ ಬೇಜಾರಾಗಬೇಕಿಲ್ಲ. 2015ರ ಜುಲೈ 14ರಂದು ನ್ಯೂ ಹೊರೈಜನ್ಸ್ ನೌಕೆ ಅದರ ಪಕ್ಕದಿಂದ ಹಾದುಹೋಯಿತು. ಆಗ ಕಂಡ ಹೃದಯದ ಆಕಾರದ ಬಿಳಿ ಬಯಲು, ಮಂಜಿನ ಪರ್ವತಗಳು, ನೀಲಿ ಮಬ್ಬು ಯಾವ ಗ್ರಹಕ್ಕೂ ಕಮ್ಮಿಯಿಲ್ಲ.

ಚಂದ್ರನ ಒಂದೇ ಮುಖ ನಮಗೆ ಯಾಕೆ ಕಾಣುತ್ತದೆ?

ಚಂದ್ರ ಭೂಮಿಯನ್ನು ಒಮ್ಮೆ ಸುತ್ತುವಷ್ಟರಲ್ಲಿ ತಾನೂ ಸರಿಯಾಗಿ ಒಂದು ಸುತ್ತು ತಿರುಗುತ್ತದೆ. ಎರಡಕ್ಕೂ 27.3 ದಿನ. ಸುಮ್ನೆ ಒಂದು ಕುರ್ಚಿಯ ಕಡೆ ಮುಖ ಮಾಡಿಕೊಂಡೇ ಅದರ ಸುತ್ತ ಒಂದು ಸುತ್ತು ಬನ್ನಿ. ಕುರ್ಚಿಯಲ್ಲಿ ಕೂತವರಿಗೆ ನಿಮ್ಮ ಬೆನ್ನು ಕಾಣುವುದೇ ಇಲ್ಲ. ಆದರೆ ಕೋಣೆಯ ನಾಲ್ಕೂ ಗೋಡೆಗಳು ನಿಮ್ಮ ಮುಖ ಕಂಡಿರುತ್ತವೆ. ಭೂಮಿಯ ಎಳೆತ ಕಾಲಕ್ರಮದಲ್ಲಿ ಚಂದ್ರನನ್ನು ಹೀಗೆ ಕಟ್ಟಿಹಾಕಿದೆ. ಹಾಗಂತ ನಮಗೆ ಕಾಣದ ಆ ಬದಿ ಯಾವಾಗಲೂ ಕತ್ತಲಲ್ಲ. ಅಲ್ಲಿಯೂ ಎರಡು ವಾರ ಬಿಸಿಲು, ಎರಡು ವಾರ ರಾತ್ರಿ.

ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ 29.5 ದಿನ. ಅಷ್ಟರಲ್ಲಿ ಭೂಮಿಯೂ ಸೂರ್ಯನ ಸುತ್ತ ಮುಂದೆ ಸರಿದಿರುವುದರಿಂದ ಈ ಎರಡು ದಿನದ ವ್ಯತ್ಯಾಸ. ಕನ್ನಡದಲ್ಲಿ ಚಂದ್ರನಿಗೂ ತಿಂಗಳು, ಆ ಅವಧಿಗೂ ತಿಂಗಳು. ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವಿಲ್ಲ.

ಅಪೊಲೊ ಯಾತ್ರಿಗಳು ಅಲ್ಲಿಟ್ಟು ಬಂದ ಪ್ರತಿಫಲಕಗಳಿಗೆ ಇವತ್ತಿಗೂ ಭೂಮಿಯಿಂದ ಲೇಸರ್ ಬೆಳಕು ಹಾಯಿಸಿ ದೂರ ಅಳೆಯುತ್ತಾರೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್‌ನಷ್ಟು ನಮ್ಮಿಂದ ದೂರ ಸರಿಯುತ್ತಿದೆ. 2023ರ ಆಗಸ್ಟ್ 23ರಂದು ಚಂದ್ರಯಾನ 3 ಅದರ ದಕ್ಷಿಣ ಧ್ರುವದ ಹತ್ತಿರ ಇಳಿಯಿತು.

ಪ್ರತಿ ಹುಣ್ಣಿಮೆ, ಅಮಾವಾಸ್ಯೆಗೆ ಗ್ರಹಣ ಯಾಕೆ ಆಗುವುದಿಲ್ಲ?

ಚಂದ್ರನ ಹಾದಿ ಭೂಮಿಯ ಹಾದಿಗೆ ಸುಮಾರು 5 ಡಿಗ್ರಿ ವಾಲಿಕೊಂಡಿದೆ. ಹೆಚ್ಚಿನ ತಿಂಗಳು ಚಂದ್ರ ನೆರಳಿನ ಸ್ವಲ್ಪ ಮೇಲೋ ಕೆಳಗೋ ಹಾದು ಹೋಗುತ್ತದೆ. ಎರಡೂ ಹಾದಿಗಳು ಒಂದನ್ನೊಂದು ದಾಟುವ ಎರಡು ಬಿಂದುಗಳಿವೆ. ಹುಣ್ಣಿಮೆಯೋ ಅಮಾವಾಸ್ಯೆಯೋ ಆ ಬಿಂದುಗಳ ಹತ್ತಿರ ಬಂದರೆ ಮಾತ್ರ ಗ್ರಹಣ. ಆ ಎರಡು ಬಿಂದುಗಳ ಹೆಸರೇ ರಾಹು ಮತ್ತು ಕೇತು. ಅವು ಕಾಯಗಳಲ್ಲ, ಲೆಕ್ಕದ ಬಿಂದುಗಳು. ಗ್ರಹಣ ಎಂದರೆ ನೆರಳಿನ ಆಟ ಎಂದು ಆರ್ಯಭಟ 1,500 ವರ್ಷಗಳ ಹಿಂದೆಯೇ ಬರೆದಿದ್ದ.

ಚಂದ್ರಗ್ರಹಣವನ್ನು ಬರಿಗಣ್ಣಿನಲ್ಲಿ ಆರಾಮವಾಗಿ ನೋಡಬಹುದು. ಸೂರ್ಯಗ್ರಹಣವನ್ನು ಹಾಗೆ ನೋಡಲೇಬೇಡಿ. ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು, ಕೂಲಿಂಗ್ ಗ್ಲಾಸ್ ಯಾವುದೂ ಸಾಲದು. ಕಣ್ಣಿನ ಒಳಪರದೆ ಸುಡುವಾಗ ನೋವೇ ಗೊತ್ತಾಗುವುದಿಲ್ಲ, ಅದೇ ಅಪಾಯ. ಪ್ರಮಾಣೀಕರಿಸಿದ ಗ್ರಹಣದ ಕನ್ನಡಕ ಇರಬೇಕು. ಇಲ್ಲವಾದರೆ ರಟ್ಟಿನಲ್ಲಿ ಸೂಜಿ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ ನೋಡಿ. ಎಲೆ ತುಂಬಿದ ಮರವಿದ್ದರೆ ಇನ್ನೂ ಸುಲಭ. ಎಲೆಗಳ ಸಂದಿಯಿಂದ ನೆಲಕ್ಕೆ ಬಿದ್ದ ಪ್ರತಿ ಬೆಳಕಿನ ಚುಕ್ಕೆಯೂ ಕುಡುಗೋಲಿನಂತೆ ಬಾಗಿರುತ್ತದೆ.

ಕ್ಷುದ್ರಗ್ರಹ, ಧೂಮಕೇತು, ಉಲ್ಕೆ: ಇವುಗಳ ನಡುವೆ ವ್ಯತ್ಯಾಸ ಏನು?

ಕ್ಷುದ್ರಗ್ರಹ ಕಲ್ಲು ಮತ್ತು ಲೋಹದ ಕಾಯ. ಹೆಚ್ಚಿನವು ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯಲ್ಲಿವೆ. ಸಿನಿಮಾಗಳಲ್ಲಿ ತೋರಿಸುವಂತೆ ಅಲ್ಲಿ ಬಂಡೆಗಳ ನೂಕುನುಗ್ಗಲು ಇಲ್ಲ. ಆ ಪಟ್ಟಿಯ ಎಲ್ಲವನ್ನೂ ಉಂಡೆ ಕಟ್ಟಿದರೂ ನಮ್ಮ ಚಂದ್ರನ ತೂಕದ ನೂರಕ್ಕೆ ಮೂರು ಭಾಗ ಆದೀತು. ಅಲ್ಲಿಂದ ಹಾದುಹೋದ ನೌಕೆಗಳು ಯಾವುದಕ್ಕೂ ಡಿಕ್ಕಿ ಹೊಡೆದಿಲ್ಲ.

ಧೂಮಕೇತು ಮಂಜು ಮತ್ತು ಧೂಳಿನ ಉಂಡೆ. ಸೂರ್ಯನ ಹತ್ತಿರ ಬಂದಾಗ ಮಂಜು ಆವಿಯಾಗಿ ಬಾಲ ಮೂಡುತ್ತದೆ. ಬಾಲ ಯಾವಾಗಲೂ ಸೂರ್ಯನಿಗೆ ವಿರುದ್ಧ ದಿಕ್ಕಿಗೆ ಇರುತ್ತದೆ. ಹಾಗಾಗಿ ಧೂಮಕೇತು ವಾಪಸ್ ಹೋಗುವಾಗ ಬಾಲವೇ ಮುಂದೆ! ಹ್ಯಾಲಿ ಧೂಮಕೇತು ಹಿಂದಿನ ಸಲ ಬಂದದ್ದು 1986ರಲ್ಲಿ, ಮತ್ತೆ ಬರುವುದು 2061ರಲ್ಲಿ.

"ಚುಕ್ಕಿ ಬಿತ್ತು" ಎನ್ನುತ್ತೇವಲ್ಲ, ಅದು ಉಲ್ಕೆ. ಬೀಳುವುದು ಚುಕ್ಕಿಯಲ್ಲ, ಸಾಮಾನ್ಯವಾಗಿ ಮರಳಿನ ಕಣದಷ್ಟು ಪುಡಿ. ಸೆಕೆಂಡಿಗೆ ಹತ್ತಾರು ಕಿ.ಮೀ. ವೇಗದಲ್ಲಿ ಗಾಳಿಗೆ ನುಗ್ಗಿ ಬೆಳಗಿ ಹೋಗುತ್ತದೆ. ಸುಟ್ಟು ಮುಗಿಯದೆ ನೆಲ ಮುಟ್ಟಿದರೆ ಉಲ್ಕಾಶಿಲೆ. ಧೂಮಕೇತು ಬಿಟ್ಟುಹೋದ ಪುಡಿಯ ಹಾದಿಯನ್ನು ಭೂಮಿ ದಾಟುವಾಗ ಉಲ್ಕಾವೃಷ್ಟಿ. ಅಕ್ಟೋಬರ್‌ನಲ್ಲಿ ಕಾಣುವ ಒರಿಯೊನಿಡ್ ಉಲ್ಕೆಗಳು ಹ್ಯಾಲಿಯ ಪುಡಿ. 2061ರ ತನಕ ಕಾಯಲು ಆಗದವರು ಆ ಪುಡಿಯನ್ನಾದರೂ ನೋಡಬಹುದು.

ಭೂಮಿಗೆ ಕ್ಷುದ್ರಗ್ರಹ ಬಡಿಯುತ್ತದಾ?

ಬಡಿದಿದೆ. 6.6 ಕೋಟಿ ವರ್ಷಗಳ ಹಿಂದೆ ಸುಮಾರು 10 ಕಿ.ಮೀ. ಅಗಲದ್ದೊಂದು ಈಗಿನ ಮೆಕ್ಸಿಕೊ ತೀರಕ್ಕೆ ಬಿದ್ದು ಡೈನೋಸಾರ್‌ಗಳ ಕಾಲ ಮುಗಿಯಿತು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರಿನ ಬಂಡೆ ಆಕಾಶದಲ್ಲೇ ಸಿಡಿಯಿತು. ಮೊದಲು ಕಣ್ಣು ಕುಕ್ಕುವ ಬೆಳಕು. ಏನದು ಎಂದು ಜನ ಕಿಟಕಿಗೆ ಬಂದರು. ಆಮೇಲೆ ಗಾಳಿಯ ಹೊಡೆತ ಬಂದು ಗಾಜು ಒಡೆಯಿತು. ಸಾವಿರಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಆಕಾಶದಲ್ಲಿ ಅಂಥ ಬೆಳಕು ಕಂಡರೆ ಕಿಟಕಿಯಿಂದ ದೂರ ಸರಿಯಿರಿ.

ಭಯ ಬೇಡ. ದೊಡ್ಡ ಕಾಯಗಳನ್ನು ಈಗ ಸತತವಾಗಿ ಗಮನಿಸುತ್ತಿದ್ದಾರೆ. 2029ರ ಏಪ್ರಿಲ್ 13ರಂದು ಅಪೊಫಿಸ್ ಎಂಬ ಕ್ಷುದ್ರಗ್ರಹ ಭೂಮಿಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗಲಿದೆ, ಬಡಿಯುವುದಿಲ್ಲ. ತಪ್ಪಿಸುವ ವಿದ್ಯೆಯನ್ನೂ ಕಲಿಯುತ್ತಿದ್ದೇವೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫೋಸ್ ಎಂಬ ಪುಟ್ಟ ಕಾಯಕ್ಕೆ ಬೇಕೆಂದೇ ಗುದ್ದಿತು. ಅದು ತನ್ನ ದೊಡ್ಡ ಜೊತೆಗಾರನನ್ನು ಸುತ್ತುವ ಸಮಯ ಅರ್ಧ ಗಂಟೆಗಿಂತಲೂ ಜಾಸ್ತಿ ಇಳಿಯಿತು.

ಸೌರಮಂಡಲ ಎಲ್ಲಿಗೆ ಮುಗಿಯುತ್ತದೆ?

ನೆಪ್ಚೂನ್‌ಗೆ ಮುಗಿಯುವುದಿಲ್ಲ. ಅದರಾಚೆ ಪ್ಲೂಟೊ ಇರುವ ಕೈಪರ್ ಪಟ್ಟಿ ಇದೆ. ಅದಕ್ಕೂ ಎಷ್ಟೋ ಆಚೆ ಊರ್ಟ್ ಮೋಡ ಇದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಬಹಳ ವರ್ಷಕ್ಕೊಮ್ಮೆ ಬರುವ ಧೂಮಕೇತುಗಳ ತವರು ಅದು.

1977ರಲ್ಲಿ ಹೊರಟ ವಾಯೇಜರ್ 1 ನೌಕೆ 2012ರಲ್ಲಿ ಸೌರಗಾಳಿಯ, ಅಂದರೆ ಸೂರ್ಯ ಸದಾ ಹೊರಕ್ಕೆ ಬೀಸುವ ಕಣಗಳ, ಗುಳ್ಳೆಯಿಂದ ಹೊರಬಿದ್ದು ನಕ್ಷತ್ರಗಳ ನಡುವಿನ ಜಾಗ ಸೇರಿತು. ಅದರ ವೇಗ ಸೆಕೆಂಡಿಗೆ ಸುಮಾರು 17 ಕಿ.ಮೀ. ಅದೇ ವೇಗದಲ್ಲಿ ಪ್ರಾಕ್ಸಿಮಾ ಸೆಂಟಾರಿಯಷ್ಟು ದೂರ ಹೋಗಲು ಸುಮಾರು 75,000 ವರ್ಷ ಬೇಕು.

ಬೆಳಕಿನ ವರ್ಷ ಎಂದರೆ ಸಮಯವಾ?

ಅಲ್ಲ, ದೂರ. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ, ಸುಮಾರು 9.46 ಲಕ್ಷ ಕೋಟಿ ಕಿ.ಮೀ. ರಾತ್ರಿಯ ಆಕಾಶದ ಅತಿ ಪ್ರಕಾಶದ ನಕ್ಷತ್ರ ಲುಬ್ಧಕ 8.6 ಬೆಳಕಿನ ವರ್ಷ ದೂರದಲ್ಲಿದೆ. ಇವತ್ತು ಕಾಣುವ ಅದರ ಬೆಳಕು ಎಂಟೂವರೆ ವರ್ಷದ ಹಿಂದೆ ಹೊರಟಿತ್ತು. ನಿಮ್ಮ ಮನೆಯಲ್ಲಿ ಎಂಟೂವರೆ ವರ್ಷದ ಮಗುವಿದ್ದರೆ ಕರೆದು ತೋರಿಸಿ, ಆ ಬೆಳಕಿಗೂ ಮಗುವಿಗೂ ಒಂದೇ ವಯಸ್ಸು.

ನಮ್ಮ ಸೂರ್ಯ ಮುಂದೆ ಕಪ್ಪುಕುಳಿ ಆಗುತ್ತದಾ?

ಇಲ್ಲ. ಕಪ್ಪುಕುಳಿ ಎಂದರೆ ಬೆಳಕನ್ನೂ ಹೊರಬಿಡದಷ್ಟು ಗುರುತ್ವ ಇರುವ ಕಾಯ. ಹಾಗಾಗುವಷ್ಟು ತೂಕ ಸೂರ್ಯನಿಗಿಲ್ಲ. ಸುಮಾರು 500 ಕೋಟಿ ವರ್ಷದ ನಂತರ ಸೂರ್ಯ ಉಬ್ಬಿ ಕೆಂಪು ದೈತ್ಯ ಆಗುತ್ತದೆ. ಆಮೇಲೆ ಹೊರಪದರ ಕಳಚಿ, ಭೂಮಿಯಷ್ಟು ಗಾತ್ರದ ಬಿಳಿ ಕುಬ್ಜವಾಗಿ ಉಳಿಯುತ್ತದೆ. ಬಿಳಿ ಕುಬ್ಜದ ತೂಕ ಸೂರ್ಯನ ಸುಮಾರು 1.4 ಪಟ್ಟು ಮೀರುವಂತಿಲ್ಲ ಎಂದು ತೋರಿಸಿಕೊಟ್ಟವರು ಎಸ್. ಚಂದ್ರಶೇಖರ್. 1930ರಲ್ಲಿ ಓದಲು ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ, ತಮ್ಮ 19ನೇ ವಯಸ್ಸಿನಲ್ಲಿ, ಅವರು ಈ ಲೆಕ್ಕ ಶುರು ಮಾಡಿದ್ದರು. ನೊಬೆಲ್ ಬಂದದ್ದು 1983ರಲ್ಲಿ. ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರದ ನಕ್ಷತ್ರಗಳು ಮಾತ್ರ ಕೊನೆಗೆ ಕಪ್ಪುಕುಳಿ ಆಗುತ್ತವೆ.

ನಮ್ಮ ಆಕಾಶಗಂಗೆಯ ನಡುವೆಯೂ ಒಂದು ಇದೆ. ಅದರ ತೂಕ ಸೂರ್ಯನ 40 ಲಕ್ಷ ಪಟ್ಟಿಗೂ ಜಾಸ್ತಿ. 2022ರ ಮೇ 12ರಂದು ಅದರ ಮೊದಲ ಚಿತ್ರ ಹೊರಬಂತು. ನಾವು ಅದರಿಂದ ಸುಮಾರು 26,000 ಬೆಳಕಿನ ವರ್ಷ ದೂರ ಇದ್ದೇವೆ.

ಬೇರೆ ನಕ್ಷತ್ರಗಳಿಗೂ ಗ್ರಹಗಳಿವೆಯಾ?

ಇವೆ. ಸೂರ್ಯನಂಥ ನಕ್ಷತ್ರವೊಂದರ ಸುತ್ತ ಮೊದಲ ಗ್ರಹವನ್ನು 1995ರಲ್ಲಿ ಮೇಯರ್ ಮತ್ತು ಕೆಲೋಜ್ ಪತ್ತೆ ಮಾಡಿದರು. ಈಗ ಖಚಿತವಾದವು 5,000ಕ್ಕೂ ಜಾಸ್ತಿ. ಪ್ರಾಕ್ಸಿಮಾ ಸೆಂಟಾರಿಗೂ ಗ್ರಹವಿದೆ.

ನೋಡಲು ಶುರು ಮಾಡಬೇಕು. ಏನು ಬೇಕು?

ಮೊದಲು ಕಣ್ಣು ಮತ್ತು ಕತ್ತಲು. ಮೊಬೈಲ್ ಒಳಗಿಟ್ಟು 20 ನಿಮಿಷ ಕತ್ತಲಲ್ಲಿ ಇರಿ, ಕಣ್ಣು ಪಳಗುತ್ತದೆ. ಟೆಲಿಸ್ಕೋಪ್ ಕೊಳ್ಳಲು ಅವಸರ ಮಾಡಬೇಡಿ. 10x50 ಬೈನಾಕ್ಯುಲರ್ (10 ಪಟ್ಟು ದೊಡ್ಡದಾಗಿ ತೋರಿಸುವ, 50 ಮಿ.ಮೀ. ಮಸೂರದ್ದು) ಒಂದಿದ್ದರೆ ಚಂದ್ರನ ಕುಳಿಗಳು, ಕೃತ್ತಿಕೆಯ ಗೊಂಚಲು, 25 ಲಕ್ಷ ಬೆಳಕಿನ ವರ್ಷ ದೂರದ ಆಂಡ್ರೊಮೀಡಾ ಗೆಲಾಕ್ಸಿ ಎಲ್ಲ ಸಿಗುತ್ತವೆ. ಚಂದ್ರನನ್ನು ಹುಣ್ಣಿಮೆಯಂದು ನೋಡಬೇಡಿ, ಅವತ್ತು ನೆರಳೇ ಇರುವುದಿಲ್ಲ. ಅರ್ಧ ಚಂದ್ರ ಇರುವಾಗ ಬೆಳಕು ಮತ್ತು ಕತ್ತಲೆ ಸೇರುವ ಗೆರೆಯ ಉದ್ದಕ್ಕೂ ನೋಡಿ.

ಆಮೇಲೆ ಗುರುವಿಗೆ ತಿರುಗಿಸಿ. ಕೈ ನಡುಗದಂತೆ ಬೈನಾಕ್ಯುಲರನ್ನು ಗೋಡೆಗೋ ಕಂಬಕ್ಕೋ ಒತ್ತಿ ಹಿಡಿಯಿರಿ. ಗುರುವಿನ ಪಕ್ಕ, ಒಂದೇ ಗೆರೆಯಲ್ಲಿ, ಸೂಜಿ ಮೊನೆಯಂಥ ಎರಡೋ ಮೂರೋ ನಾಲ್ಕೋ ಚುಕ್ಕಿ ಕಾಣುತ್ತವೆ. ಒಂದು ಹಾಳೆಯಲ್ಲಿ ಅವು ಇದ್ದ ಹಾಗೆಯೇ ಗುರುತು ಹಾಕಿ, ತಾರೀಖು, ಗಂಟೆ ಬರೆಯಿರಿ. ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿ, ಕೆಳಗೆ ಇನ್ನೊಂದು ಸಾಲು ಬರೆಯಿರಿ. ಒಂದು ಚುಕ್ಕಿ ಎಡದಿಂದ ಬಲಕ್ಕೆ ಹೋಗಿರುತ್ತದೆ, ಇನ್ನೊಂದು ಗುರುವಿನ ಹಿಂದೆ ಅವಿತಿರುತ್ತದೆ. 1610ರ ಜನವರಿಯಲ್ಲಿ ಗೆಲಿಲಿಯೊ ಬರೆದದ್ದೂ ಇಂಥವೇ ಸಾಲುಗಳು. ನಾಲ್ಕೈದು ರಾತ್ರಿ ಬರೆದ ಮೇಲೆ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿ. ಚುಕ್ಕಿಗಳು ಗುರುವನ್ನು ಸುತ್ತುತ್ತಿರುವುದು ನಿಮ್ಮದೇ ಕೈಬರಹದಲ್ಲಿ ಇರುತ್ತದೆ.